‘ಉಷ್ಣ’ ಅಂತ ಸುಮ್ಮನಾಗಬೇಡಿ

“ಬಿಳಿ ಸೆರಗು ಹೋಗ್ತಿದೆ” ಅಂದ ಕೂಡಲೇ ಮನೆಯಲ್ಲಿ ಸಿಗುವ ಉತ್ತರ ಒಂದೇ: “ಉಷ್ಣ ಆಗಿದೆ, ಎಳನೀರು ಕುಡಿ, ಮೆಂತ್ಯ ನೆನೆಸಿಟ್ಟು ತಿನ್ನು.” ಎರಡು ದಿನ ತಂಪು ಮಾಡಿಕೊಂಡು ನೀವೂ ಸುಮ್ಮನಾಗುತ್ತೀರಿ. ಉರಿ, ನವೆ ಹಾಗೇ ಇದ್ದರೂ ಡಾಕ್ಟರ ಹತ್ತಿರ ಹೋಗಲು ಸಂಕೋಚ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ಊರುಗಳಲ್ಲಂತೂ ಆಸ್ಪತ್ರೆ ಬೆಂಚಿನ ಮೇಲೆ ಪಕ್ಕ ಕೂತವರು ಪರಿಚಯದವರೇ ಆಗಿರುತ್ತಾರೆ. “ಏನಾಗಿದೆ?” ಅಂತ ಕೇಳಿದರೆ ಏನು ಹೇಳುವುದು?

ಆದರೆ ಎಲ್ಲವೂ ಉಷ್ಣವಲ್ಲ. ಇಂಥ ತೊಂದರೆಗಳಲ್ಲಿ ಕೆಲವು ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕುಗಳು. ಬೇಗ ಗುರುತಿಸಿದರೆ ಇವುಗಳಲ್ಲಿ ಹಲವು ಮಾತ್ರೆ ಅಥವಾ ಇಂಜೆಕ್ಷನ್‌ನಿಂದ ಪೂರ್ತಿ ವಾಸಿಯಾಗುತ್ತವೆ. ಬಿಟ್ಟರೆ ಸೋಂಕು ಗರ್ಭಕೋಶ, ಗರ್ಭನಾಳಗಳಿಗೆ ಏರಿ ಬಂಜೆತನಕ್ಕೂ ಕಾರಣವಾಗಬಹುದು.

“ನಾನು ಮನೆ ಬಿಟ್ಟು ಎಲ್ಲೂ ಹೋದವಳಲ್ಲ, ನನಗ್ಯಾಕೆ ಬರುತ್ತೆ?” ಅನ್ನಬೇಡಿ. ಸೋಂಕು ಯಾರ ನಡತೆಯನ್ನೂ ನೋಡಿ ಬರುವುದಿಲ್ಲ. ತನಗೆ ಸೋಂಕಿದೆ ಎಂದೇ ಗೊತ್ತಿಲ್ಲದ ಗಂಡನಿಂದಲೂ ಹೆಂಡತಿಗೆ ಅಂಟಬಹುದು.

ಯಾವುದು ಸಹಜ?

ಎರಡು ಮುಟ್ಟಿನ ನಡುವಿನ ದಿನಗಳಲ್ಲಿ ಮೊಟ್ಟೆಯ ಲೋಳೆಯಂಥ ತಿಳಿ ಸ್ರಾವ, ಮುಟ್ಟಿನ ಮುಂಚೆ ಮತ್ತು ಗರ್ಭಿಣಿಯಾದಾಗ ಸ್ವಲ್ಪ ಹೆಚ್ಚಾಗುವ ಬಿಳಿ ಸ್ರಾವ ಸಹಜ. ಅದಕ್ಕೆ ಕೆಟ್ಟ ವಾಸನೆ ಇರುವುದಿಲ್ಲ, ನವೆಯೂ ಇರುವುದಿಲ್ಲ.

ಹೀಗಿದ್ದರೆ ಡಾಕ್ಟರಿಗೆ ತೋರಿಸಿ

* ಹಳದಿ ಅಥವಾ ಹಸಿರು ಬಣ್ಣದ, ನೊರೆ ನೊರೆಯಾದ, ವಾಸನೆಯ ಸ್ರಾವ
* ಮೂತ್ರ ಮಾಡುವಾಗ ಉರಿ, ಗುಪ್ತಾಂಗದಲ್ಲಿ ಬಿಡದ ನವೆ
* ಹುಣ್ಣು, ನೀರುಗುಳ್ಳೆ, ನರುಳೆಯಂಥ ಗಂಟು, ತೊಡೆಸಂದಿಯಲ್ಲಿ ಬಾವು
* ಗಂಡ ಹೆಂಡತಿ ಸೇರುವಾಗ ನೋವು, ಆಮೇಲೆ ರಕ್ತ ಕಾಣಿಸುವುದು
* ಕಿಬ್ಬೊಟ್ಟೆ ನೋವು. ಜೊತೆಗೆ ಜ್ವರ ಇದ್ದರೆ ಅದೇ ದಿನ ಹೋಗಿ

ಸಿಫಿಲಿಸ್‌ನ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ. ಸೋಂಕು ತಗುಲಿದ ಸುಮಾರು 3 ವಾರಕ್ಕೆ ಕಾಣಿಸಿಕೊಂಡು, 3ರಿಂದ 6 ವಾರದಲ್ಲಿ ತಾನಾಗಿ ಒಣಗುತ್ತದೆ. ಹುಣ್ಣು ಮಾಯಿತು ಅಂದರೆ ರೋಗ ಮಾಯವಾಯಿತು ಅಂತಲ್ಲ. ಅದು ರಕ್ತದಲ್ಲೇ ಉಳಿದು, ಮುಂದೆ ಅಂಗೈ ಅಂಗಾಲಿನಲ್ಲಿ ದದ್ದಾಗಿ ಕಾಣಿಸಬಹುದು. ಗರ್ಭಿಣಿಯಾದರೆ ಮಗುವಿಗೂ ದಾಟಬಹುದು. ಕ್ಲಮೈಡಿಯಾ, ಗೊನೋರಿಯಾ ಹೆಂಗಸರಲ್ಲಿ ಎಷ್ಟೋ ಸಲ ಲಕ್ಷಣವನ್ನೇ ತೋರಿಸುವುದಿಲ್ಲ. ಹಾಗಾಗಿ ಗಂಡನಿಗೆ ಉರಿಮೂತ್ರ, ಕೀವು, ಹುಣ್ಣು ಇದ್ದರೆ ನಿಮಗೇನೂ ಆಗದಿದ್ದರೂ ತಪಾಸಣೆ ಮಾಡಿಸಿಕೊಳ್ಳಿ.

ಅನುಮಾನಕ್ಕೆ ಮುಂಚೆ ಪರೀಕ್ಷೆ

ಇನ್ನೊಂದು ಮಾತು. ಮೊಸರು ಒಡೆದಂಥ ಸ್ರಾವ, ವಿಪರೀತ ನವೆ ಇದ್ದರೆ ಅದು ಬಹುಪಾಲು ಶಿಲೀಂಧ್ರದ ಸೋಂಕು. ಸಕ್ಕರೆ ಕಾಯಿಲೆ ಇದ್ದವರಿಗೆ, ಗರ್ಭಿಣಿಯರಿಗೆ, ಆಂಟಿಬಯೋಟಿಕ್ ತೆಗೆದುಕೊಂಡವರಿಗೆ ಇದು ಸುಲಭವಾಗಿ ಬರುತ್ತದೆ. ಮೀನಿನ ವಾಸನೆಯ ಸ್ರಾವಕ್ಕೂ ಒಳಗಿನ ಬ್ಯಾಕ್ಟೀರಿಯಾಗಳ ಏರುಪೇರೇ ಕಾರಣವಿರಬಹುದು. ಇದನ್ನೆಲ್ಲ ನೋಡಿ ಗಂಡನ ಮೇಲೆ ಅನುಮಾನಪಟ್ಟು ಸಂಸಾರ ಕೆಡಿಸಿಕೊಳ್ಳಬೇಡಿ. ಪರೀಕ್ಷೆ ಆಗಲಿ, ಮಾತು ಆಮೇಲೆ.

ಸೋಂಕು ಖಚಿತವಾದರೆ ಚಿಕಿತ್ಸೆ ಇಬ್ಬರಿಗೂ ಆಗಬೇಕು. ನೀವೊಬ್ಬರೇ ಮಾತ್ರೆ ನುಂಗಿದರೆ ವಾಸಿಯಾದದ್ದು ಮತ್ತೆ ಅಂಟುತ್ತದೆ. “ನಿಮ್ಮಿಂದಲೇ ಬಂದಿದ್ದು” ಅಂತ ಶುರು ಮಾಡುವ ಬದಲು “ಡಾಕ್ಟರು ಇಬ್ಬರೂ ಬರಬೇಕು ಅಂದಿದ್ದಾರೆ ಕಣ್ರೀ” ಅನ್ನಿ. ಹೇಳಿದರೆ ಹೊಡೆಯುತ್ತಾರೆಂಬ ಭಯವಿದ್ದರೆ ಅದನ್ನು ಮೊದಲು ಡಾಕ್ಟರಿಗೋ ಆಪ್ತ ಸಮಾಲೋಚಕರಿಗೋ ತಿಳಿಸಿ. ಇಬ್ಬರ ಚಿಕಿತ್ಸೆಯೂ ಮುಗಿದು ಡಾಕ್ಟರು ಹೇಳುವವರೆಗೆ ದೂರ ಇರುವುದೇ ಒಳ್ಳೆಯದು. ಆಗದಿದ್ದರೆ ಕಾಂಡೋಮ್ ಕಡ್ಡಾಯ.

ಇವನ್ನು ಮಾಡಬೇಡಿ

* ಮೆಡಿಕಲ್ ಶಾಪಿನಲ್ಲಿ ಬಾಯಿಮಾತಲ್ಲಿ ಹೇಳಿ ಮಾತ್ರೆ ತರಬೇಡಿ
* ಡೆಟಾಲ್, ಸೋಪಿನಿಂದ ಒಳಭಾಗ ತೊಳೆಯಬೇಡಿ
* ಎರಡು ದಿನಕ್ಕೆ ಹಗುರಾಯಿತು ಅಂತ ಮಾತ್ರೆ ನಿಲ್ಲಿಸಬೇಡಿ

ಎಲ್ಲಿಗೆ ಹೋಗುವುದು?

ಮೊದಲು ನಿಮ್ಮೂರಿನ ಸರ್ಕಾರಿ ಆಸ್ಪತ್ರೆಯಲ್ಲೇ ವಿಚಾರಿಸಿ. ಒಪಿಡಿ ಚೀಟಿ ಮಾಡಿಸುವಾಗ “ಲೇಡಿ ಡಾಕ್ಟರಿಗೆ ತೋರಿಸಬೇಕು” ಅಂದರೆ ಸಾಕು, ಕಾರಣವನ್ನು ಸಾಲಿನಲ್ಲಿ ನಿಂತು ಹೇಳಬೇಕಿಲ್ಲ. ಊರಲ್ಲಿ ತೋರಿಸಲು ತೀರಾ ಮುಜುಗರವಾದರೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹೋಗಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಇಂಥ ಸೋಂಕುಗಳಿಗೆಂದೇ ಇರುವ ವಿಭಾಗಕ್ಕೆ ‘ಸುರಕ್ಷಾ ಕ್ಲಿನಿಕ್’ ಎಂದು ಹೆಸರು. ಸರ್ಕಾರಿ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ. ಎಚ್‌ಐವಿ ಪರೀಕ್ಷೆಯ ಗುಟ್ಟನ್ನು 2017ರ ಕಾಯ್ದೆಯೇ ಕಾಯುತ್ತದೆ. ಮನೆಯಿಂದಲೇ ಕೇಳುವುದಾದರೆ ಉಚಿತ ಸಹಾಯವಾಣಿ 1097ಕ್ಕೆ ಫೋನ್ ಮಾಡಬಹುದು. ಗರ್ಭಿಣಿಯಾಗಿದ್ದರೆ ಮೊದಲ ತಪಾಸಣೆಯಲ್ಲೇ ಎಚ್‌ಐವಿ, ಸಿಫಿಲಿಸ್ ರಕ್ತಪರೀಕ್ಷೆ ಆಯಿತೇ ಅಂತ ನೀವೇ ಕೇಳಿ.

ಮನೆಯಲ್ಲಿ ಯಾರಿಗೆ ಕೆಮ್ಮು ಬಂದರೂ ಅದೇ ದಿನ ಆಸ್ಪತ್ರೆಗೆ ಓಡುವವರು ನೀವು. ನಿಮ್ಮ ವಿಷಯಕ್ಕೆ ಮಾತ್ರ “ನಾಳೆ ನೋಡೋಣ” ಯಾಕೆ? ಹೇಳದೆ ಮುಚ್ಚಿಟ್ಟ ಕಾಯಿಲೆ ಸೆರಗಿನಲ್ಲಿ ಕಟ್ಟಿಕೊಂಡ ಕೆಂಡದ ಹಾಗೆ. ಇವತ್ತೇ ತೋರಿಸಿಬಿಡಿ.