ಕಪ್ಪ, ಕಾಫಿ, ಕಂಬಿ: ಅರಸೀಕೆರೆ ಸೀಮೆಯಲ್ಲಿ ಸಾಮ್ರಾಜ್ಯಶಾಹಿ

1801ರ ಬೇಸಿಗೆಯಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಬಾಣಾವರ, ಜಾವಗಲ್, ಹಳೇಬೀಡು, ಬೇಲೂರುಗಳನ್ನು ಹಾದುಹೋದ. ಶ್ರೀರಂಗಪಟ್ಟಣ ಬಿದ್ದು ಎರಡು ವರ್ಷವಾಗಿತ್ತಷ್ಟೆ. ಹೋದ ಊರಿನಲ್ಲೆಲ್ಲ ಅವನದು ಒಂದೇ ಬಗೆಯ ವಿಚಾರಣೆ: ಯಾವ ನೆಲಕ್ಕೆ ಯಾವ ಬೆಳೆ, ಕಂದಾಯ ಎಷ್ಟು, ನೇಕಾರರ ಸ್ಥಿತಿ ಹೇಗಿದೆ, ದನದ ತಳಿ ಯಾವುದು, ಮೆಣಸು ಶ್ರೀಗಂಧ ಎಲ್ಲಿ ಸಿಗುತ್ತವೆ. ಅವನನ್ನು ಕಳಿಸಿದವನು ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿ. ಕಲೆಹಾಕಿದ್ದೆಲ್ಲ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು.

ಗೆದ್ದ ನಾಡಿನಲ್ಲಿ ಇಷ್ಟು ವಿಚಾರಣೆ ಏಕೆ? ಹತ್ತೊಂಬತ್ತನೆಯ ಶತಮಾನದ ಯುರೋಪಿನ ಸಾಮ್ರಾಜ್ಯಗಳಿಗೆ ಕಾರಣ ಒಂದಲ್ಲ. ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿಯೂ ಬೇಕಿತ್ತು, ಬಟ್ಟೆ ಕೊಳ್ಳುವವರೂ ಬೇಕಿತ್ತು. ಲಂಡನ್ನಿನ ಹಣವಂತರಿಗೆ ಬಡ್ಡಿ ಹುಟ್ಟುವ ಜಾಗ ಬೇಕಿತ್ತು. ಎದುರಾಳಿ ಮೊದಲು ಕಾಲಿಟ್ಟಾನು ಎಂಬ ಭಯ ಬೇರೆ: ಟಿಪ್ಪುವಿನ ಮೇಲೆ ಯುದ್ಧ ಹೂಡಲು ಫ್ರೆಂಚರ ನಂಟೇ ನೆಪವಾಯಿತು. 1884-85ರ ಬರ್ಲಿನ್ ಸಮಾವೇಶದಲ್ಲಿ ಕುಳಿತ ದೇಶಗಳು ಆಫ್ರಿಕವನ್ನು ಹಂಚಿಕೊಳ್ಳುವ ನಿಯಮ ಬರೆದದ್ದರ ಹಿಂದೆಯೂ ಇದೇ ಪೈಪೋಟಿ. ಆದರೆ ಒಂದು ಮಾತು ಎಲ್ಲ ಕಡೆಗೂ ಸಲ್ಲುತ್ತಿತ್ತು. ಸಾಮ್ರಾಜ್ಯದ ಖರ್ಚು ಯಜಮಾನ ದೇಶದ ಮೇಲೆ ಬೀಳಬಾರದು. ಆಳಿಸಿಕೊಳ್ಳುವವರೇ ಅದನ್ನು ತೆರಬೇಕು.

ಮೈಸೂರಿನಲ್ಲಿ ಇದಕ್ಕೆ ಸಿಕ್ಕ ಉಪಾಯ ಸಹಾಯಕ ಸೈನ್ಯ ಪದ್ಧತಿ. 1799ರಲ್ಲಿ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಗದ್ದುಗೆಗೆ ಕೂರಿಸಿ, ಪೂರ್ಣಯ್ಯನವರನ್ನು ದಿವಾನರನ್ನಾಗಿ ಮಾಡಿ, ಪಕ್ಕದಲ್ಲಿ ಒಬ್ಬ ರೆಸಿಡೆಂಟನನ್ನು ಇಟ್ಟರು. ಸೈನ್ಯ ಈಸ್ಟ್ ಇಂಡಿಯಾ ಕಂಪನಿಯದು, ಅದರ ವೆಚ್ಚಕ್ಕೆಂದು ವರ್ಷಕ್ಕೆ 7 ಲಕ್ಷ ವರಹ, ಅಂದರೆ 24.5 ಲಕ್ಷ ರೂಪಾಯಿ, ಮೈಸೂರಿನದು. ಆಗ ಅಂದಾಜು ಮಾಡಿದ್ದ ರಾಜ್ಯದ ಹುಟ್ಟುವಳಿಯ ಅರ್ಧದಷ್ಟಾದರೂ ಹೀಗೆ ಹೋಗುತ್ತಿತ್ತು. ಕಂದಾಯ ಎತ್ತುವ ಹೊಣೆ, ಎತ್ತಿದ್ದಕ್ಕೆ ಬೈಸಿಕೊಳ್ಳುವ ಹೊಣೆ ಎರಡೂ ಅರಮನೆಯದೇ.

ಒಪ್ಪಂದಕ್ಕೆ ತಲೆಬಾಗದವರಿಗೆ ಬೇರೆ ದಾರಿ ಕಾದಿತ್ತು. ಬೇಲೂರಿನ ನಾಯಕ ಮನೆತನಕ್ಕೆ ಸೇರಿದ ಬಲಂ ಸೀಮೆಯ ಪಾಳೆಯಗಾರ, ಘಟ್ಟದಿಂದ ಮಂಗಳೂರಿಗೆ ಇಳಿಯುವ ದಾರಿಯನ್ನೇ ಕಟ್ಟಿಹಾಕಿದ. 1802ರ ಜನವರಿಯಲ್ಲಿ ಗವರ್ನರ್ ಜನರಲನ ತಮ್ಮ ಆರ್ಥರ್ ವೆಲ್ಲೆಸ್ಲಿ ಅರಕೆರೆಯ ಕಾಡುಕೋಟೆಗೆ ಮುತ್ತಿಗೆ ಹಾಕಿ ಹಿಡಿದ. ಫೆಬ್ರವರಿಯಲ್ಲಿ ನಾಯಕ ಸೆರೆಸಿಕ್ಕು ನೇಣಿಗೇರಿದ. ಆಮೇಲೆ ನಡೆದದ್ದು ಇನ್ನೂ ದೂರಾಲೋಚನೆಯ ಕೆಲಸ: ಊರುಗಳ ಸುತ್ತಲ ಕೋಟೆಗಳನ್ನು ಕೆಡವಿದರು, ಕಾಡು ಕಡಿದು ಅಗಲವಾದ ರಸ್ತೆ ಬಿಟ್ಟರು. ಮುಂದೆ ದಂಗೆ ಎದ್ದರೆ ಬಚ್ಚಿಟ್ಟುಕೊಳ್ಳಲು ಮರೆ ಇರಬಾರದಲ್ಲ! ವೆಲ್ಲೆಸ್ಲಿಯ ಫಿರಂಗಿ, ಸಾಮಾನು ಸರಂಜಾಮನ್ನು ಎಳೆದದ್ದೂ ಈ ನಾಡಿನ ಅಮೃತಮಹಲ್ ಎತ್ತುಗಳೇ. ಮೈಸೂರು ದೊರೆಗಳು ಬೆಳೆಸಿದ ಆ ಮಂದೆಗಳು ಮುಂದೆ ಮದರಾಸಿನ ಸೈನ್ಯದ ಕೈಸೇರಿದವು.

1799ರ ಒಪ್ಪಂದದಲ್ಲಿ ಇನ್ನೊಂದು ಕೊಕ್ಕೆ ಇತ್ತು. ಹಣ ಸಲ್ಲುವುದು ಅನುಮಾನವೆಂದು ಕಂಡರೆ ಗವರ್ನರ್ ಜನರಲ್ ಆಡಳಿತವನ್ನೇ ವಹಿಸಿಕೊಳ್ಳಬಹುದು. 1830ರಲ್ಲಿ ಕಂದಾಯದ ಹಿಂಸೆ ತಾಳಲಾರದೆ ನಗರ ಸೀಮೆಯ ರೈತರು ಕೂಟ ಕಟ್ಟಿ ಬಂಡೆದ್ದರು. ಮರುವರ್ಷ ಗವರ್ನರ್ ಜನರಲ್ ಬೆಂಟಿಂಕ್ ಆ ಕೊಕ್ಕೆಯನ್ನೇ ಎಳೆದ. ಅಲ್ಲಿಂದ 50 ವರ್ಷ ಮೈಸೂರನ್ನು ಕಮಿಷನರುಗಳು ಆಳಿದರು. ಅವರಲ್ಲಿ ಮಾರ್ಕ್ ಕಬ್ಬನ್ ಒಬ್ಬನೇ 1834ರಿಂದ 1861ರವರೆಗೆ.

ಕಾಫಿ ದೊಡ್ಡ ವ್ಯಾಪಾರವಾದದ್ದು ಈ ಕಾಲದಲ್ಲೇ. ಬಾಬಾಬುಡನ್ ಗಿರಿಯ ಗಿಡ ಮಲೆನಾಡಿನವರಿಗೆ ಹೊಸದಲ್ಲ. ಆದರೆ 1840ರ ದಶಕದಿಂದ ಮಂಜರಾಬಾದಿಗೆ, ಅಂದರೆ ಈಗಿನ ಸಕಲೇಶಪುರದ ಕಡೆಗೆ, ಯುರೋಪಿನ ತೋಟಗಾರರು ಒಬ್ಬರ ಹಿಂದೊಬ್ಬರು ಬಂದರು. ನಾಲ್ಕು ದಶಕದ ಹಿಂದೆ ಪಾಳೆಯಗಾರನ ಬೆನ್ನಟ್ಟಿ ಸೈನ್ಯ ನುಗ್ಗಿದ್ದ ಕಾಡಿನ ಸೀಮೆ ಅದು. ಅವರಲ್ಲಿ ರಾಬರ್ಟ್ ಎಲಿಯಟ್ ಎಂಬವನು ತನ್ನ ಅನುಭವವನ್ನು 1871ರಲ್ಲಿ ಪುಸ್ತಕವಾಗಿ ಬರೆದ. ಮೊದಲು ದಂಡು, ಆಮೇಲೆ ದಾರಿ, ಅದರ ಹಿಂದೆ ಬಂಡವಾಳ: ಸಿಲೋನಿನ ಬೆಟ್ಟಗಳಲ್ಲೂ ಕ್ರಮ ಹೀಗೆಯೇ ಇತ್ತು.

1876-78ರ ಬರ ಈ ವ್ಯವಸ್ಥೆಯ ಲೆಕ್ಕವನ್ನು ಬಯಲಿಗೆಳೆಯಿತು. 1871ರಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಬೆಂಗಳೂರಿನವರೆಗೆ ರೈಲಿನಲ್ಲಿ ಬಂದ ಧಾನ್ಯವನ್ನು ಒಳನಾಡಿಗೆ ಸಾಗಿಸಲು ಗಾಡಿಗಳಿರಲಿಲ್ಲ; ಎಳೆಯುವ ಎತ್ತುಗಳೇ ಮೇವಿಲ್ಲದೆ ಸತ್ತಿದ್ದವು.

1881ರ ಮಾರ್ಚ್ 25ರಂದು ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿತು. ಜೊತೆಗೆ ಷರತ್ತುಗಳ ಉದ್ದನೆಯ ಪಟ್ಟಿ. ಸೈನ್ಯದ ವೆಚ್ಚಕ್ಕೆಂದು ತೆರುತ್ತಿದ್ದ ಕಪ್ಪ 35 ಲಕ್ಷ ರೂಪಾಯಿಗೆ ಏರಬೇಕು. ಬರದಿಂದ ಬೊಕ್ಕಸ ಬರಿದಾದ್ದರಿಂದ ಏರಿಕೆಯನ್ನು 1896ರವರೆಗೆ ಮುಂದೂಡಿದರು. ಅಪ್ಪಣೆಯಿಲ್ಲದೆ ಕೋಟೆ ಕಟ್ಟುವಂತಿಲ್ಲ. ತಂತಿಗೂ ರೈಲಿಗೂ ಬೇಕಾದ ಜಮೀನನ್ನು ಮಹಾರಾಜರು ಪುಕ್ಕಟೆ ಕೊಡಬೇಕು. ರೈಲಿನ ಪಟ್ಟಿಯೊಳಗಿನ ನ್ಯಾಯಾಧಿಕಾರವನ್ನೂ ಬಿಟ್ಟುಕೊಡಬೇಕು.

ಬರದ ಪಾಠ ಕಲಿತಿದ್ದ ದಿವಾನ್ ರಂಗಾಚಾರ್ಲು, ಅವರ ನಂತರ ಶೇಷಾದ್ರಿ ಅಯ್ಯರ್ ರೈಲಿಗೆ ಕೈಹಾಕಿದರು. ಹಣ ಸಾಲದೆ ಹೋದಾಗ 1886ರಲ್ಲಿ ಮಾರ್ಗವನ್ನು ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ಒತ್ತೆಯಿಟ್ಟು, ಅದರ ಮೂಲಕ ಲಂಡನ್ನಿನಲ್ಲಿ ಶೇಕಡ 4ರ ಬಡ್ಡಿಗೆ ಸುಮಾರು 12 ಲಕ್ಷ ಪೌಂಡ್ ಸಾಲ ಎತ್ತಿದರು. 1889ರ ಹೊತ್ತಿಗೆ ತುಮಕೂರು, ತಿಪಟೂರು, ಅರಸೀಕೆರೆಗಳ ಮೇಲೆ ಹಾದು ಕಂಬಿ ಹರಿಹರ ಮುಟ್ಟಿತು. ಈ ಸೀಮೆಯ ಕೊಬ್ಬರಿಗೆ ದೂರದ ಪೇಟೆ ಹತ್ತಿರವಾಯಿತು, ಬರದಲ್ಲಿ ಧಾನ್ಯ ತರಿಸುವ ದಾರಿಯೂ ಆಯಿತು. ಬಡ್ಡಿ ಮಾತ್ರ ಸಂಸ್ಥಾನದ ಬೊಕ್ಕಸದಿಂದ ಲಂಡನ್ನಿಗೆ ಹೋಗುತ್ತಿತ್ತು. ಸಾಲದ ಈ ಹಗ್ಗ ಈಜಿಪ್ಟಿನಲ್ಲಿ ಇನ್ನೂ ಬಿಗಿಯಾಗಿ ಸುತ್ತಿಕೊಂಡಿತ್ತು. ಖದೀವ ಇಸ್ಮಾಯಿಲ್ 1875ರಲ್ಲಿ ಸೂಯೆಜ್ ಕಾಲುವೆಯ ಷೇರುಗಳನ್ನು ಬ್ರಿಟನ್ನಿಗೆ ಮಾರಿದ. ಏಳು ವರ್ಷದಲ್ಲಿ ಬ್ರಿಟಿಷ್ ಸೈನ್ಯ ಕೈರೋದಲ್ಲಿತ್ತು.

ಮೈಸೂರಿನಿಂದ ಹಾಸನದ ಮೇಲೆ ಬಂದ ದಾರಿ 1918ರಲ್ಲಿ ಕೂಡಿಕೊಂಡಾಗ ಅರಸೀಕೆರೆ ಜಂಕ್ಷನ್ ಆಯಿತು. ಸಂಸ್ಥಾನ ಎಡೆಬಿಡದೆ ಕೇಳಿಕೊಂಡ ಮೇಲೆ, 1928ರ ಹೊತ್ತಿಗೆ ಕಪ್ಪದಲ್ಲಿ 10.5 ಲಕ್ಷ ರೂಪಾಯಿ ವಜಾ ಸಿಕ್ಕಿ ಅದು 1799ರ ಮೊತ್ತಕ್ಕೆ ಮರಳಿತು.