ವಿವರಣ ಚಿಹ್ನೆಯ ಸ್ಥಾನ: ದೈವಶಾಸ್ತ್ರೀಯ ಬರವಣಿಗೆಗೆ ಕೆಲವು ಸೂಚನೆಗಳು

ಎರಡು ಚುಕ್ಕಿಗಳ ವಿವರಣ ಚಿಹ್ನೆಯನ್ನು (:) ಪ್ರಬಂಧಗಳಲ್ಲಿ ನಾವು ಹೆಚ್ಚು ಯೋಚಿಸದೆ ಬಳಸುತ್ತೇವೆ. ಆದರೆ ಅದರ ಸ್ಥಾನದ ಮೇಲೆ ಒಂದು ಉಪದೇಶವೇ ನಿಂತಿರಬಹುದು. ಲೂಕ 23:43ರಲ್ಲಿ, ಶಿಲುಬೆಯಲ್ಲಿದ್ದ ಅಪರಾಧಿಗೆ ಯೇಸು ನುಡಿದ ಮಾತಿನಲ್ಲಿ ‘ಇಂದು’ ಎಂಬರ್ಥದ ಪದವಿದೆ. ವಿರಾಮವನ್ನು ಅದಕ್ಕೆ ಮೊದಲು ಇಟ್ಟರೆ ಪರದೈಸಿನ ಪ್ರವೇಶವು ಆ ದಿನವೇ ಎಂದಾಗುತ್ತದೆ. ಅನಂತರ ಇಟ್ಟರೆ ವಾಗ್ದಾನವನ್ನು ನುಡಿದದ್ದು ಮಾತ್ರ ಆ ದಿನ ಎಂದಾಗುತ್ತದೆ. ಪ್ರಾಚೀನ ಗ್ರೀಕ್ ಹಸ್ತಪ್ರತಿಗಳಲ್ಲಿ ಇಂದಿನ ವಿರಾಮಚಿಹ್ನೆಗಳ ಕ್ರಮವಿರಲಿಲ್ಲ. ‘ನಿನಗೆ ಸತ್ಯವಾಗಿ ಹೇಳುತ್ತೇನೆ’ ಎಂಬ ಬಗೆಯ ಪೀಠಿಕೆಯು ಸುವಾರ್ತೆಗಳಲ್ಲಿ ಬೇರೆಡೆ ಕಾಲಸೂಚಕ ಪದವಿಲ್ಲದೆ ಪೂರ್ಣವಾಗುವುದರಿಂದ, ಹೆಚ್ಚಿನ ಭಾಷಾಂತರಗಳು ಮೊದಲನೆಯ ಓದನ್ನು ಅನುಸರಿಸಿವೆ. ಹೀಗೆ ಚಿಹ್ನೆಯೂ ಒಂದು ವ್ಯಾಖ್ಯಾನವೇ. ಅದಕ್ಕೆ ನಾವು ಕಾರಣ ಕೊಡಬೇಕು.

ನಮ್ಮ ಸ್ವಂತ ವಾಕ್ಯಗಳಲ್ಲಿ ಪಾಲಿಸಬೇಕಾದ ಮೊದಲ ನಿಯಮವಿದು: ಚಿಹ್ನೆಗೆ ಮುಂಚಿನ ಮಾತು ತಾನಾಗಿಯೇ ಪೂರ್ಣವಾಗಿರಬೇಕು. ತುಮಕೂರಿನ ಶಿರಾ ಗೇಟ್ ತನ್ನ ಹೆಸರಿನಿಂದ ಮುಂದಿನ ಊರನ್ನು ಸೂಚಿಸುತ್ತದೆ. ಆದರೂ ಅಲ್ಲಿ ನಿಂತವನು ತುಮಕೂರಿನ ನೆಲದಲ್ಲಿಯೇ ನಿಂತಿದ್ದಾನೆ. ವಿವರಣ ಚಿಹ್ನೆಯೂ ಹಾಗೆಯೇ. ‘ಸುವಾರ್ತೆಗಳನ್ನು ಬರೆದವರು: ಮತ್ತಾಯ, ಮಾರ್ಕ, ಲೂಕ, ಯೋಹಾನ’ ಎಂದು ಬರೆದರೆ ಚಿಹ್ನೆಯು ಕರ್ತೃಪದವನ್ನು ಆಖ್ಯಾತದಿಂದ ಕಡಿದುಹಾಕುತ್ತದೆ. ‘ಹೊಸ ಒಡಂಬಡಿಕೆಯಲ್ಲಿ ನಾಲ್ಕು ಸುವಾರ್ತೆಗಳಿವೆ: ಮತ್ತಾಯ, ಮಾರ್ಕ, ಲೂಕ, ಯೋಹಾನ’ ಎಂಬುದು ಸರಿ.

ಎರಡನೆಯದು ಉದ್ಧರಣೆಗೆ ಸಂಬಂಧಿಸಿದ್ದು. ಕನ್ನಡದಲ್ಲಿ ‘ಎಂದು’, ‘ಎಂಬ’ ಪದಗಳು ಉದ್ಧರಣೆಯ ಕೊನೆಯಲ್ಲಿ ಬಂದು ಅದನ್ನು ವಾಕ್ಯದೊಳಗೆ ಸೇರಿಸುತ್ತವೆ. ಅವು ಇರುವಲ್ಲಿ ಆರಂಭಕ್ಕೆ ವಿವರಣ ಚಿಹ್ನೆ ಬೇಡ. ಪೂರ್ಣ ವಾಕ್ಯದ ಬಳಿಕ ಉದ್ಧರಣೆಯನ್ನು ಪ್ರತ್ಯೇಕವಾಗಿ ಇಡುವಾಗ ಮಾತ್ರ ಅದು ಬೇಕು.

ಮೂರನೆಯದು ವಚನಸೂಚನೆ. ಅಧ್ಯಾಯ ಮತ್ತು ವಚನಗಳ ನಡುವೆ ಚಿಹ್ನೆಯನ್ನು ತೆರಪಿಲ್ಲದೆ ಇಡಬೇಕು: ಯೋಹಾನ 3:16. ವಚನಗಳ ನಡುವೆ ಅಲ್ಪವಿರಾಮ, ಅಧ್ಯಾಯ ಬದಲಾದಾಗ ಅರ್ಧವಿರಾಮ: ಯೋಹಾನ 3:16, 18; 4:24. ಈ ಸಂಖ್ಯೆಗಳು ಮೂಲಪಾಠದ ಭಾಗವಲ್ಲ. ಅಧ್ಯಾಯಗಳ ವಿಂಗಡಣೆ 13ನೆಯ ಶತಮಾನದ ಸ್ಟೀಫನ್ ಲ್ಯಾಂಗ್‌ಟನ್‌ಗೆ ಸಲ್ಲುತ್ತದೆ. ಹೊಸ ಒಡಂಬಡಿಕೆಯ ವಚನಸಂಖ್ಯೆಗಳನ್ನು ರಾಬರ್ಟ್ ಎಸ್ತಿಯೆನ್ 1551ರಲ್ಲಿ ಮುದ್ರಿಸಿದನು. ಆದುದರಿಂದ ವಚನದ ಗಡಿಯೇ ಅರ್ಥದ ಗಡಿಯೆಂದು ನಾವು ಭಾವಿಸಬಾರದು.

ಕೊನೆಯದಾಗಿ, ಕನ್ನಡದಲ್ಲಿ ಕಾಣುವ ಒಂದು ದೋಷ. ‘ದುಃಖ’, ‘ಅಂತಃಕರಣ’, ‘ಪುನಃ’ ಎಂಬಲ್ಲಿರುವುದು ವಿಸರ್ಗ. ಅದು ಯೋಗವಾಹ, ವಿರಾಮಚಿಹ್ನೆಯಲ್ಲ. ಕಾಣಲು ಒಂದೇ ಎಂದು ‘ದು:ಖ’ ಎಂದು ಬೆರಳಚ್ಚಿಸಿದರೆ ಗಣಕಯಂತ್ರಕ್ಕೆ ಪದವು ಒಡೆದುಹೋಗುತ್ತದೆ. ಪ್ರಬಂಧದಲ್ಲಿ ‘ದುಃಖ’ವನ್ನು ಹುಡುಕಿದವನಿಗೆ ಅದು ಸಿಗುವುದಿಲ್ಲ.

ದೇವರ ವಾಕ್ಯವನ್ನು ವಿವರಿಸುವವರು ನಾವು. ಶ್ರುತಪಡಿಸಿದ ಮಾತು ಯಾವುದು, ನಮ್ಮ ವಿವರಣೆ ಯಾವುದು ಎಂಬುದನ್ನು ಓದುಗನು ತಿಳಿಯುವಂತೆ ಬರೆಯುವುದು ನಮ್ಮ ಪ್ರಾಮಾಣಿಕತೆಯ ಒಂದು ಅಂಶ.