ತೂಬಿನ ಬಳಿಯ ಲೆಕ್ಕ, ದೂರದ ಗಣಕದ ಲೆಕ್ಕ

ನಂದಿಗುಡಿಯೂ ಸೇರಿದಂತೆ ಹರಿಹರ ತಾಲ್ಲೂಕಿನ ಬೇಸಾಯಗಾರರಿಗೆ ಭದ್ರಾ ನಾಲೆಯ ಕೊನೆಭಾಗದ ಪಾಡು ತಿಳಿದೇ ಇದೆ. ನಾಲೆಗೆ ಎಷ್ಟು ದಿನ ನೀರು ಬಿಡಬೇಕೆಂಬುದು ಅಣೆಕಟ್ಟೆಯ ಒಟ್ಟು ಸಂಗ್ರಹ ನೋಡಿ ಆಗುವ ತೀರ್ಮಾನ. ಈ ಹೊತ್ತು ಯಾವ ಗದ್ದೆಗೆ ಎಂಬುದನ್ನು ನೀರುಗಂಟಿ ತೂಬಿನ ಬಳಿ ನಿಂತೇ ಹೇಳಬೇಕು. ಈಗ ಹೊಲಗಳಿಗೆ ಬರುತ್ತಿರುವ ತೇವಮಾಪಕ, ಮೊಬೈಲ್ ಸ್ಟಾರ್ಟರುಗಳಲ್ಲೂ ಕೆಲಸ ಹೀಗೆಯೇ ಹಂಚಿಕೆಯಾಗತಕ್ಕದ್ದು. ಸ್ಥಳದಲ್ಲಿರುವ ಪುಟ್ಟ ಗಣಕಕ್ಕೆ ‘ಎಡ್ಜ್’ ಎಂದೂ ದೂರದ ದೊಡ್ಡ ಗಣಕಗಳಿಗೆ ‘ಕ್ಲೌಡ್’ ಎಂದೂ ಹೆಸರು.

ಕೊಳವೆಬಾವಿಯಲ್ಲಿ ನೀರಿಳಿದು ಮೋಟಾರು ಬರಿದೇ ತಿರುಗತೊಡಗಿತೆನ್ನಿ. ಅದನ್ನು ನಿಲ್ಲಿಸಲು ದೂರದ ಗಣಕದ ಅಪ್ಪಣೆ ಬೇಕೆಂದಾದರೆ, ಸಿಗ್ನಲ್ ಇಲ್ಲದ ದಿನ ಮೋಟಾರು ಕೆಟ್ಟಂತೆಯೇ. ತುರ್ತಿನ ತೀರ್ಮಾನ ಸ್ಟಾರ್ಟರಿನೊಳಗೇ ಆಗಬೇಕು. ಹವಾಮಾನ ಮುನ್ಸೂಚನೆ, ಹಲವು ಹೊಲಗಳ ಹೋಲಿಕೆ, ಹಂಗಾಮಿನ ನೀರಿನ ಲೆಕ್ಕ ಇವು ದೂರದ ಗಣಕಕ್ಕೆ ಸಲ್ಲುವ ಕೆಲಸ. ಒಂದು ತಾಸು ತಡವಾದರೂ ನಷ್ಟವಿಲ್ಲ.

ದೊಡ್ಡ ಪ್ರಮಾಣದಲ್ಲಿ ಇದನ್ನು ನಮ್ಮ ರಾಜ್ಯದಲ್ಲೇ ಕಾಣಬಹುದು. ಸುಮಾರು 4.5 ಲಕ್ಷ ಹೆಕ್ಟೇರ್ ಅಚ್ಚುಕಟ್ಟಿನ ನಾರಾಯಣಪುರ ಎಡದಂಡೆ ನಾಲೆಯ ಆಧುನೀಕರಣ ಯೋಜನೆಯನ್ನು 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನಲ್ಲಿ ಉದ್ಘಾಟಿಸಲಾಯಿತು. ‘ಸ್ಕಾಡಾ’ ಎಂಬ ಈ ವ್ಯವಸ್ಥೆಯಲ್ಲಿ ಗೇಟಿನ ಬಳಿಯ ಸಾಧನ ನೀರಿನ ಮಟ್ಟವನ್ನು ಅಳೆಯುತ್ತದೆ. ಇಡೀ ನಾಲೆಯ ಮೇಲ್ವಿಚಾರಣೆ ನಿಯಂತ್ರಣ ಕೇಂದ್ರದ್ದು.

ಇನ್ನು ಮಿತವ್ಯಯದ ಮಾತು. ನಿಮಿಷಕ್ಕೊಮ್ಮೆ ತೇವದ ಅಳತೆ ಕಳಿಸಿದರೆ ದಿನಕ್ಕೆ 1,440 ಸಂದೇಶ. ಅರ್ಧ ತಾಸಿಗೊಮ್ಮೆಯಾದರೆ 48 ಮಾತ್ರ. ಮಣ್ಣಿನ ತೇವ ನಿಮಿಷಕ್ಕೊಮ್ಮೆ ಬದಲಾಗುವುದಿಲ್ಲ, ಬ್ಯಾಟರಿ ಮಾತ್ರ ಇಳಿಯುತ್ತದೆ. ಸಂಪರ್ಕ ಕಡಿದಾಗ ಅಳತೆಗಳನ್ನು ಸಾಧನವೇ ಕೂಡಿಟ್ಟುಕೊಳ್ಳಲಿ. ಮರಳಿ ಬಂದಾಗ ಮೊದಲು ಎಚ್ಚರಿಕೆಯ ಸಂದೇಶ, ಆಮೇಲೆ ಹಳೆಯ ಅಳತೆ ಹೋಗಲಿ. ತ್ರೀ ಫೇಸ್ ವಿದ್ಯುತ್ ಬಂದ ಕೂಡಲೇ ಊರಿನ ಎಲ್ಲ ಸ್ಟಾರ್ಟರುಗಳೂ ಒಟ್ಟಿಗೆ ವರದಿ ಒಪ್ಪಿಸಲು ಹೊರಟರೆ ದಾರಿ ಕಟ್ಟಿಕೊಳ್ಳುತ್ತದೆ. ತೂಬಿಗೆ ಸರದಿ ಇಟ್ಟಂತೆ ಇವುಗಳಿಗೂ ಕೆಲವು ಸೆಕೆಂಡುಗಳ ಅಂತರ ಇಡಬೇಕು. ಈ ಏರ್ಪಾಡು ತಯಾರಕರ ಕೈಯಲ್ಲಿದೆ, ಕೇಳುವುದು ನಿಮ್ಮ ಕೈಯಲ್ಲಿ.

ಮೊಬೈಲಿನ ಚಿತ್ರಪಟ ನೋಡಿಯೇ ಕೊಳ್ಳುವವರು ಹೆಚ್ಚು. ಅದಕ್ಕಿಂತ ಅಳವಡಿಸುವ ದಿನವೇ ಸಿಮ್ ತೆಗೆಸಿ, ಮೆಕ್ಯಾನಿಕ್ಕನಿಂದ ಒಂದು ಫೇಸ್ ಕಡಿತ ಮಾಡಿಸಿ ನೋಡಿರಿ (ನೀವಾಗಿ ತಂತಿ ಮುಟ್ಟಬೇಡಿರಿ). ಮೋಟಾರು ತಾನಾಗಿಯೇ ನಿಲ್ಲಬೇಕು. ನಿಲ್ಲದಿದ್ದರೆ ಹಣ ಪಾವತಿಸುವ ಮುನ್ನವೇ ಸರಿಪಡಿಸಿಕೊಳ್ಳಿರಿ.